ಶ್ರೀಪೆರಂಬದೂರಿನ ಆಕ್ರೋಶ ಅನುಕಂಪಕ್ಕೆ ತಿರುಗಿದ ಬಗೆ

1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನ ಚುನಾವಣಾ ಸಭೆಯಲ್ಲಿ ರಾಜೀವ್ ಗಾಂಧಿಯವರು ಹತ್ಯೆಯಾದ ಸುದ್ದಿ ಹರಡುತ್ತಿದ್ದಂತೆ, ತಮಿಳುನಾಡಿನ ಜನರ ಸಿಟ್ಟು ಮೊದಲು ಎರಗಿದ್ದು ಡಿಎಂಕೆ ಮೇಲೆ. ಕೊಂದವರು ಯಾರೆಂಬುದು ಇನ್ನೂ ಗೊತ್ತಾಗಿರಲಿಲ್ಲ. ಆದರೂ ಆ ಪಕ್ಷದ ಕಚೇರಿಗಳ ಮೇಲೆ ದಾಳಿ ನಡೆಯಿತು, ಧ್ವಜಸ್ತಂಭಗಳು ಉರುಳಿದವು. ಮೂವತ್ತೊಂದು ವರ್ಷಗಳ ನಂತರ, 2022ರ ಮೇ 18ರಂದು, ಅದೇ ಪಕ್ಷದ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಈ ಪ್ರಕರಣದ ಅಪರಾಧಿ ಪೇರರಿವಾಳನ್ ಅವರನ್ನು ಬಿಡುಗಡೆಯ ದಿನವೇ ಅಪ್ಪಿಕೊಂಡರು, ಮತ್ತು ರಾಜ್ಯದ ಬಹುಪಾಲು ಜನರಿಗೆ ಅದು ಅಸಹಜವೆನಿಸಲಿಲ್ಲ. ಈ ಎರಡು ದಿನಗಳ ನಡುವೆ ನಡೆದದ್ದೇನು ಎಂಬುದನ್ನು ತಿಳಿಯಲು ಹತ್ಯೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

1983ರ ಜುಲೈನಲ್ಲಿ ಶ್ರೀಲಂಕಾದಲ್ಲಿ ನಡೆದ ತಮಿಳರ ಮಾರಣಹೋಮದ ನಂತರ ಈಳಂ, ಅಂದರೆ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದವರೆಂದರೆ ತಮಿಳುನಾಡಿನಲ್ಲಿ ಮನೆಯ ಮಕ್ಕಳು ಎಂಬಂಥ ಭಾವನೆಯಿತ್ತು. 1987ರಲ್ಲಿ ಅಲ್ಲಿಗೆ ಹೋದ ಭಾರತದ ಶಾಂತಿಪಾಲನಾ ಪಡೆ ಎಲ್‌ಟಿಟಿಇ ವಿರುದ್ಧವೇ ಕಾದಾಡಬೇಕಾಗಿ ಬಂದಾಗಲೂ ಆ ಭಾವನೆ ಪೂರ್ತಿ ಅಳಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಸೇನೆ ಮರಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಿಸಲು ಹೋಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಪ್ರತಿಸ್ಪರ್ಧಿ ಬಣದ ನಾಯಕ ಪದ್ಮನಾಭ ಅವರನ್ನು ಹುಲಿಗಳು (ಎಲ್‌ಟಿಟಿಇಯವರು) ಚೆನ್ನೈ ನಗರದೊಳಗೇ ಗುಂಡಿಕ್ಕಿ ಕೊಂದರು. ಹುಲಿಗಳಿಗೆ ಸಡಿಲ ಬಿಟ್ಟಿದೆ ಎಂಬ ಆರೋಪದ ಮೇಲೆ 1991ರ ಜನವರಿಯಲ್ಲಿ ಡಿಎಂಕೆ ಸರ್ಕಾರವನ್ನು ವಜಾ ಮಾಡಲಾಯಿತು. ಮೇ ತಿಂಗಳ ಕಲ್ಲುಗಳು ಆ ಪಕ್ಷದ ಕಡೆಗೇ ತೂರಿ ಬಂದದ್ದಕ್ಕೆ ಹಿನ್ನೆಲೆ ಇದು.

ಕೊಂದವರ ಗುರುತು ಹತ್ತಿದ್ದು ಒಂದು ಕ್ಯಾಮೆರಾದಿಂದ. ಸಂಚುಕೋರರೇ ಕರೆತಂದಿದ್ದ ಛಾಯಾಗ್ರಾಹಕ ಹರಿಬಾಬು ಸ್ಫೋಟದಲ್ಲಿ ಸತ್ತ, ಕ್ಯಾಮೆರಾದೊಳಗಿನ ರೀಲು ಉಳಿಯಿತು. ಗಂಧದ ಹಾರ ಹಿಡಿದು ನಿಂತ ಹುಲಿಗಳ ಆತ್ಮಾಹುತಿ ಬಾಂಬರ್ ಧನು, ಬಿಳಿ ಕುರ್ತಾ ತೊಟ್ಟು ಪತ್ರಕರ್ತನಂತೆ ನಿಂತ ಸಂಚಿನ ಮುಖ್ಯ ರೂವಾರಿ ಶಿವರಾಸನ್ ಅದರಲ್ಲಿ ಸಿಕ್ಕಿದರು. ಈ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಜನರ ಸಿಟ್ಟಿಗೆ ಮುಖಗಳು ದೊರೆತವು.

ಜೂನ್ ಮಧ್ಯದಲ್ಲಿ ನಡೆದ ಮತದಾನದಲ್ಲಿ ಆ ಸಿಟ್ಟು ಎಣಿಕೆಗೂ ಸಿಕ್ಕಿತು. ಅಣ್ಣಾ ಡಿಎಂಕೆ ಮತ್ತು ಕಾಂಗ್ರೆಸ್ ಮೈತ್ರಿಕೂಟ ವಿಧಾನಸಭೆಯ 234 ಸ್ಥಾನಗಳಲ್ಲಿ 225ನ್ನೂ ಲೋಕಸಭೆಯ ಎಲ್ಲ 39 ಸ್ಥಾನಗಳನ್ನೂ ಗೆದ್ದಿತು. ಕರುಣಾನಿಧಿಯವರೇ ಹಾರ್ಬರ್ ಕ್ಷೇತ್ರದಲ್ಲಿ ಗೆದ್ದದ್ದು 890 ಮತಗಳಿಂದ. ಪಕ್ಷಕ್ಕಾದ ಪೆಟ್ಟು ಹೀಗಿದ್ದರೆ, ಯಾವ ಸಂಚನ್ನೂ ಅರಿಯದ ಲಂಕಾ ತಮಿಳು ನಿರಾಶ್ರಿತರು ಅದಕ್ಕಿಂತ ಹೆಚ್ಚು ದಿನ ಬೆಲೆ ತೆತ್ತರು: ಶಿಬಿರಗಳ ಮೇಲೆ ಕಣ್ಗಾವಲು ಬಿಗಿಯಾಯಿತು, ಮರುವರ್ಷ ಅವರನ್ನು ವಾಪಸು ಕಳಿಸುವ ಕೆಲಸವೂ ಶುರುವಾಯಿತು.

ಕರ್ನಾಟಕದ ಜನ ಈ ಪ್ರಕರಣವನ್ನು ಹತ್ತಿರದಿಂದ ಕಂಡದ್ದು ಆಗಸ್ಟ್‌ನಲ್ಲಿ. ತನಿಖಾ ತಂಡದ ಮುಖ್ಯಸ್ಥರಾಗಿದ್ದ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಅಧಿಕಾರಿ. ಬೆಂಗಳೂರಿನ ಹೊರಗೆ, ಆಗಿನ್ನೂ ಹಳ್ಳಿಯಂತಿದ್ದ ಕೋಣನಕುಂಟೆಯ ಬಾಡಿಗೆ ಮನೆಯನ್ನು ಸುತ್ತುವರಿದ ಕಮಾಂಡೊಗಳು 20ರ ಬೆಳಗಿನ ಜಾವ ಒಳನುಗ್ಗಿದಾಗ ಶಿವರಾಸನ್, ಅವನ ಸಹಚರಿ ಶುಭಾ ಸೇರಿ ಏಳು ಮಂದಿಯೂ ಹೆಣವಾಗಿದ್ದರು. ಅಂದು ರಾಜೀವ್ ಹುಟ್ಟಿದ ದಿನ. ಮುಖ್ಯ ಆರೋಪಿಗಳು ಹೀಗೆ ಸಯನೈಡ್ ಮತ್ತು ಗುಂಡಿಗೆ ಸಂದು ಹೋದದ್ದರಿಂದ ನ್ಯಾಯಾಲಯದ ಕಟಕಟೆಗೆ ಬಂದವರು ಬಹುತೇಕ ಅಂಚಿನ ಪಾತ್ರಧಾರಿಗಳು. ಮುಂದೆ ಹುಟ್ಟಿದ ಅನುಕಂಪದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

1998ರ ಜನವರಿಯಲ್ಲಿ ಭಯೋತ್ಪಾದನಾ ತಡೆ ಕಾಯ್ದೆಯಡಿಯ ಟಾಡಾ ನ್ಯಾಯಾಲಯ 26 ಮಂದಿಗೂ ಗಲ್ಲು ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ 19 ಮಂದಿಯನ್ನು ಬಿಡುಗಡೆ ಮಾಡಿ, ಮೂವರಿಗೆ ಜೀವಾವಧಿ ಕೊಟ್ಟು, ನಳಿನಿ, ಮುರುಗನ್, ಶಾಂತನ್ ಮತ್ತು ಪೇರರಿವಾಳನ್ ಅವರ ಗಲ್ಲನ್ನಷ್ಟೇ ಉಳಿಸಿತು. ಜೈಲಿನಲ್ಲೇ ಹೆತ್ತಿದ್ದ ನಳಿನಿಯ ಶಿಕ್ಷೆ 2000ದಲ್ಲಿ ಇಳಿಯಿತು. ಅದಕ್ಕೆ ಸೋನಿಯಾ ಗಾಂಧಿಯವರೇ ಮನವಿ ಮಾಡಿದ್ದರು. ಉಳಿದ ಮೂವರ ಕ್ಷಮಾದಾನ ಅರ್ಜಿಗಳು ಹನ್ನೊಂದು ವರ್ಷ ದೆಹಲಿಯಲ್ಲೇ ಕೂತವು. ಈ ನಡುವೆ 2009ರಲ್ಲಿ ಲಂಕಾ ಯುದ್ಧದ ಕೊನೆಯ ತಿಂಗಳುಗಳಲ್ಲಿ ಸಾವಿರಾರು ತಮಿಳರು ಸತ್ತ ಸುದ್ದಿಗಳು ಬಂದವು. ಹುಲಿಗಳ ಬಗೆಗಿನ ಕೋಪದ ಜಾಗದಲ್ಲಿ ದೆಹಲಿಯ ಬಗೆಗಿನ ಕೋಪ ಬಂದು ಕೂತಿತು.

2011ರ ಆಗಸ್ಟ್‌ನಲ್ಲಿ ಅರ್ಜಿಗಳು ತಿರಸ್ಕೃತವಾಗಿ ಗಲ್ಲಿನ ದಿನ ನಿಗದಿಯಾದಾಗ ಕಾಂಚೀಪುರದಲ್ಲಿ ಒಬ್ಬ ಯುವತಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟಳು. ಎರಡೇ ದಿನಗಳಲ್ಲಿ ವಿಧಾನಸಭೆ ಶಿಕ್ಷೆ ಇಳಿಸುವಂತೆ ಒಮ್ಮತದ ನಿರ್ಣಯ ಮಾಡಿತು. ಮಂಡಿಸಿದವರು ಜಯಲಲಿತಾ, 1991ರ ಅನುಕಂಪದ ಅಲೆಯಲ್ಲಿ ಮೊದಲ ಬಾರಿ ಮುಖ್ಯಮಂತ್ರಿಯಾದವರು.

ಜನರ ಬಾಯಲ್ಲಿ ಆಗ ಓಡಾಡುತ್ತಿದ್ದದ್ದು ಎರಡು ಬ್ಯಾಟರಿಗಳ ಮಾತು. ಹತ್ತೊಂಬತ್ತರ ಹರೆಯದಲ್ಲಿ ಬಂಧಿತರಾದ ಪೇರರಿವಾಳನ್ ಮೇಲಿದ್ದ ದೊಡ್ಡ ಆರೋಪ, ಬಾಂಬಿಗೆ ಬಳಕೆಯಾದ ಒಂಬತ್ತು ವೋಲ್ಟಿನ ಎರಡು ಬ್ಯಾಟರಿಗಳನ್ನು ಕೊಂಡು ತಂದರೆಂಬುದು. ಅವು ಯಾತಕ್ಕೆಂದು ತನಗೆ ತಿಳಿಯದೆಂದು ಅವರು ಹೇಳಿದ್ದನ್ನು ತಾನು ದಾಖಲಿಸಲಿಲ್ಲವೆಂದು ತಪ್ಪೊಪ್ಪಿಗೆ ಬರೆದುಕೊಂಡ ಅಧಿಕಾರಿಯೇ 2013ರಲ್ಲಿ ಒಪ್ಪಿಕೊಂಡರು. ತಾಯಿ ಅರ್ಪುದಮ್ಮಾಳ್ ಊರೂರು ಅಲೆದು ಹೇಳುತ್ತ ಬಂದದ್ದಕ್ಕೆ ಆಧಾರ ಸಿಕ್ಕಂತಾಯಿತು. ವಿಳಂಬದ ಕಾರಣ ಕೊಟ್ಟು 2014ರಲ್ಲಿ ಸುಪ್ರೀಂ ಕೋರ್ಟ್ ಮೂವರ ಗಲ್ಲನ್ನೂ ಜೀವಾವಧಿಗೆ ಇಳಿಸಿತು.

ಅಂದಿನ ಸ್ಫೋಟದಲ್ಲಿ ಒಂಬತ್ತು ಪೊಲೀಸರೂ ಸೇರಿ ಇನ್ನೂ ಹಲವರು ಸತ್ತಿದ್ದರೆಂಬುದು ಈ ಗದ್ದಲದಲ್ಲಿ ಬಹಳ ಸಲ ಮರೆಯಾಯಿತು. ಬಿಡುಗಡೆ ಬೇಡವೆಂದು ಆ ಕುಟುಂಬಗಳವರು ಹಾಕಿದ್ದ ಅರ್ಜಿ 2019ರಲ್ಲಿ ವಜಾ ಆಯಿತು. ಬೀದಿಗಿಳಿದು ಅವರ ಪರ ನಿಂತ ಪಕ್ಷಗಳು ತಮಿಳುನಾಡಿನಲ್ಲಿ ಹೆಚ್ಚಿರಲಿಲ್ಲ.

ಕಾಂಗ್ರೆಸ್ಸಿನ ಪ್ರತಿಕ್ರಿಯೆಯೂ ಕಾಲಕ್ಕೆ ತಕ್ಕಂತೆ ಬದಲಾಯಿತು. 1997ರಲ್ಲಿ, ಹತ್ಯೆಯ ಸಂಚಿನ ತನಿಖೆಗೆ ನೇಮಕವಾಗಿದ್ದ ಜೈನ್ ಆಯೋಗದ, ಡಿಎಂಕೆಯತ್ತ ಬೆರಳು ತೋರಿದ ಮಧ್ಯಂತರ ವರದಿ ಹೊರಬಿದ್ದಾಗ, ಡಿಎಂಕೆ ಸಚಿವರನ್ನು ಕೈಬಿಡಲಿಲ್ಲವೆಂದು ಗುಜ್ರಾಲ್ ಸರ್ಕಾರವನ್ನೇ ಅದು ಉರುಳಿಸಿತ್ತು. 2022ರಲ್ಲಿ ಪೇರರಿವಾಳನ್ ಹೊರಬಂದ ಮರುದಿನ ರಾಜ್ಯದ ಕಾಂಗ್ರೆಸ್ಸಿಗರು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪ್ರತಿಭಟಿಸಿದರು. ನವೆಂಬರ್‌ನಲ್ಲಿ ಉಳಿದ ಆರು ಮಂದಿಯೂ ಹೊರಬಂದರು. ಡಿಎಂಕೆ ಜೊತೆಗಿನ ಮೈತ್ರಿ ಮುರಿಯಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಆ ಮೈತ್ರಿಕೂಟ ತಮಿಳುನಾಡಿನ ಎಲ್ಲ 39 ಸ್ಥಾನಗಳನ್ನೂ ಗೆದ್ದಿತು.