ಆಗುಂಬೆ ಏರಿನಲ್ಲಿ ಒಂದು ಲೀಟರ್ ಡೀಸೆಲ್

ತೀರ್ಥಹಳ್ಳಿ ಹತ್ತಿರದ ನಮ್ಮ ಭಾವ ಕಳೆದ ವರ್ಷ ಹೊಸ ಪಿಕಪ್ ತಗೊಂಡರು. ಲೀಟರಿಗೆ 14 ಕೊಡುತ್ತದೆ ಎಂಬ ಮಾತು ನಂಬಿ ತಂದ ಗಾಡಿ. ಮೂರು ತಿಂಗಳಾದರೂ 10 ದಾಟಲಿಲ್ಲ. "ಎಂತ ಮಾರಾಯ, ಹಳೇ ಗಾಡಿನೇ ವಾಸಿಯಾಗಿತ್ತು, ಇದು ಡೀಸೆಲ್ ಕುಡೀತದೆ" ಎಂದು ಫೋನ್ ಮಾಡಿದಾಗೆಲ್ಲ ಅದೇ ಕೊರಗು. ಎರಡು ಸಲ ಸರ್ವಿಸಿಗೆ ಬಿಟ್ಟರೂ ದೋಷ ಏನೂ ಇಲ್ಲ ಎಂದೇ ವಾಪಸ್ ಕೊಟ್ಟರು. ತಿಂಗಳು ತಿಂಗಳು ಸಾಲದ ಕಂತು ಕಟ್ಟುವವರಿಗೆ ಅಷ್ಟು ಉತ್ತರ ಸಾಲದು. ದೋಷ ಇಲ್ಲ ಎಂದಾದರೆ ಆ ನಾಲ್ಕು ಕಿಲೋಮೀಟರ್ ಎಲ್ಲಿ ಹೋಯಿತು? ಎರಡು ದಿನ ರಜೆ ಹಾಕಿ ಅವರ ಪಕ್ಕದಲ್ಲಿ ಕೂತು ತಿರುಗಿದೆ.

ಮೊದಲ ದಿನ ಹೆಂಚು ತರುವ ಕೆಲಸ. ಖಾಲಿ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿದು, ಹೆಬ್ರಿ ಕಡೆಯಿಂದ 400 ಮಂಗಳೂರು ಹೆಂಚು ಹೇರಿಕೊಂಡು ಸಂಜೆ ಮೇಲೆ ಹೊರಟೆವು. ಒಂದು ಹೆಂಚಿಗೆ ಎರಡೂವರೆ ಕೆಜಿ ಎಂದರೂ ಒಟ್ಟು ಒಂದು ಟನ್. ಸೋಮೇಶ್ವರ ದಾಟಿದ ಮೇಲೆ 14 ಕಡಿದಾದ ತಿರುವುಗಳು. ತಿರುವಿನಲ್ಲಿ ಮೊದಲ ಗೇರು, ನೆಟ್ಟಗಾದ ಕೂಡಲೇ ಎರಡನೆಯದು, ಅಷ್ಟರಲ್ಲಿ ಮತ್ತೊಂದು ತಿರುವು. ಮೀಟರ್ ಪಕ್ಕದ ಮೈಲೇಜ್ ಅಂಕಿ 5ಕ್ಕೆ, ಒಮ್ಮೊಮ್ಮೆ 4ಕ್ಕೆ ಇಳಿಯುತ್ತಿತ್ತು. ಭಾವ ಅದರತ್ತ ಬೆರಳು ಮಾಡಿ, "ನೋಡ್ದ್ಯಾ?" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆವು. ಗಾಡಿ, ಹೆಂಚು, ನಾವಿಬ್ಬರು ಸೇರಿ ಸುಮಾರು 2,800 ಕೆಜಿ. ಘಾಟಿಯ ಬುಡದಿಂದ ಆಗುಂಬೆಗೆ ಸುಮಾರು 500 ಮೀಟರ್ ಎತ್ತರ. ಇಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು, ತೂಕವನ್ನು ಗುರುತ್ವದಿಂದಲೂ ಎತ್ತರದಿಂದಲೂ ಗುಣಿಸಿದರೆ, 1 ಕೋಟಿ 37 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವುದು ಸುಮಾರು 3 ಕೋಟಿ 60 ಲಕ್ಷ ಜೂಲ್. ಹಾಗಾದರೆ ಅರ್ಧ ಲೀಟರ್ ಸಾಕಲ್ಲ ಎನಿಸುತ್ತದೆ. ಆದರೆ ಚಕ್ರದವರೆಗೆ ಬಂದು ತಲುಪುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದು ಸೈಲೆನ್ಸರಿನ ಬಿಸಿ ಹೊಗೆಯಾಗಿ, ರೇಡಿಯೇಟರಿನ ಬಿಸಿಯಾಗಿ ಆಗುಂಬೆಯ ಮಂಜಿನಲ್ಲಿ ಕರಗಿಹೋಗುತ್ತದೆ. ಶಾಖದಿಂದ ಓಡುವ ಯಾವ ಎಂಜಿನ್ನಿಗೂ ಈ ತೆರಿಗೆ ತಪ್ಪಿದ್ದಲ್ಲ. ಅದಕ್ಕೊಂದು ಮಿತಿ ಇದ್ದೇ ಇದೆ ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿಕೊಟ್ಟಿದ್ದ. ಹೀಗೆ ಬರೀ ಎತ್ತರ ಏರುವುದಕ್ಕೇ ಒಂದು ಲೀಟರಿನ ಮೇಲೆ ಖರ್ಚು. ಹತ್ತು ಹನ್ನೆರಡು ಕಿಲೋಮೀಟರ್ ರಸ್ತೆ ಸವೆಸುವ ಖರ್ಚು ಬೇರೆ. ಅಂದರೆ ಆ ಏರಿನಲ್ಲಿ 5 ಕೊಟ್ಟ ಗಾಡಿ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಹಾಗಾದರೆ ಇಳಿಯುವಾಗ ಅದು ವಾಪಸ್ ಬರಬೇಕಲ್ಲ ಎಂದು ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಇಳಿಜಾರಿನಲ್ಲಿ ಸಿಗುವ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ಟ್ಯಾಂಕಿಗೆ ಮರಳುವುದಿಲ್ಲ. ಡೀಸೆಲ್ ಉಳಿಯಲಿ ಎಂದು ಘಾಟಿಯಲ್ಲಿ ನ್ಯೂಟ್ರಲ್ ಮಾಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಅದರಿಂದ ಉಳಿತಾಯವೂ ಇಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಿರಲು ಡೀಸೆಲ್ ಉರಿಯುತ್ತಲೇ ಇರಬೇಕು. ಗೇರಿನಲ್ಲಿಟ್ಟು ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಈಗಿನ ಗಾಡಿಗಳಲ್ಲಿ ಕಂಪ್ಯೂಟರು ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ಬ್ರೇಕೂ ಕಾಯುವುದಿಲ್ಲ.

ಘಾಟಿಯ ಲೆಕ್ಕ ಮುಗಿಯಿತು, ಆದರೆ ಭಾವ ದಿನಾ ಘಾಟಿ ಇಳಿಯುವವರಲ್ಲ. ಅವರ ನಿತ್ಯದ ಓಡಾಟ ತೋಟದಿಂದ ಸೊಸೈಟಿಗೆ, ಆರು ಕಿಲೋಮೀಟರ್. ಎರಡನೇ ದಿನ ಅದೇ ದಾರಿಯಲ್ಲಿ ಹೋಗಿಬಂದೆವು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೂ ಮುಂದಿನ ಫ್ಯಾನ್ ಭರ್ರೆಂದು ತಿರುಗುತ್ತಲೇ ಇತ್ತು. ಕೆಳಗಿನಿಂದ ಸುಟ್ಟ ಬಿಸಿ ವಾಸನೆ. "ಆಗಾಗ ಹಿಂಗೆ ಮಾಡ್ತದೆ" ಎಂದರು ಭಾವ. ನಾವು ಹುಡುಕುತ್ತಿದ್ದ ಕಳ್ಳ ಅಲ್ಲೇ ಸಿಕ್ಕ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಆಮೇಲಿನ ಬಹುತೇಕ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಜೇನುಹುಟ್ಟಿನಂಥ ಒಂದು ಸೋಸುಕ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ನಮ್ಮ ಶ್ವಾಸಕೋಶಕ್ಕೆ ಬರುವುದಿಲ್ಲ. ಈ ಉಪಕಾರ ಸಣ್ಣದಲ್ಲ. ಆದರೆ ತುಂಬಿದ ಮಸಿಯನ್ನು ಸುಟ್ಟು ಬೂದಿ ಮಾಡಲು ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಗೆ ಅದು ಸುಲಭ. ಆರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಎಂಜಿನ್, ಅದೂ ಮಳೆಗಾಲದ ಮುಂಜಾನೆಯಲ್ಲಿ, ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಆಗ ಕಂಪ್ಯೂಟರು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಸೋಸುಕವನ್ನು ಕಾಯಿಸುತ್ತದೆ. ಫ್ಯಾನ್ ಭರ್ರೆನ್ನುವುದು ಆ ಬಿಸಿಗೇ. ಆ ಡೀಸೆಲ್ ಗಾಡಿಯನ್ನು ಒಂದು ಗೇಣೂ ಮುಂದೆ ತಳ್ಳುವುದಿಲ್ಲ. ನಡುವೆಯೇ ಕೀ ತೆಗೆದರೆ ಸುಡುವ ಕೆಲಸ ಅರ್ಧಕ್ಕೇ ನಿಂತು, ಮುಂದಿನ ಸಲ ಮತ್ತೆ ಕಾಯಿಸುವುದರಿಂದ ಶುರು. ಹಳೇ ಗಾಡಿಗೆ ಈ ಸೋಸುಕ ಇರಲಿಲ್ಲ, ಅದರ ಮಸಿ ನೇರ ಊರಿನ ಗಾಳಿಗೆ ಹೋಗುತ್ತಿತ್ತು.

ಇನ್ನು ಆ 14ರ ವಿಷಯ. ಕಂಪನಿಗಳು ಮುದ್ರಿಸುವ ಮೈಲೇಜ್ ಪುಣೆಯ ಎಆರ್‌ಎಐಯಂಥ ವಾಹನ ಸಂಶೋಧನಾ ಸಂಸ್ಥೆಗಳ ಪರೀಕ್ಷೆಯಿಂದ ಬರುತ್ತದೆ. ಕೋಣೆಯೊಳಗೆ ರೋಲರುಗಳ ಮೇಲೆ ಗಾಡಿ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಚಕ್ರ ತಿರುಗಿಸಿ ಅಳೆಯುತ್ತಾರೆ. ಗಾಡಿ ಗಾಡಿಯನ್ನು ಹೋಲಿಸಲು ಅದು ನ್ಯಾಯವಾದ ದಾರಿ. ಆದರೆ ಅಲ್ಲಿ ಏರಿಲ್ಲ, ಕೆಸರಿಲ್ಲ. ತೋಟದ ಕೆಸರು ದಾರಿಯಲ್ಲಿ ಟೈರು ಉರುಳಲು ಬೇಕಾದ ಬಲ ಡಾಂಬರು ರಸ್ತೆಗಿಂತ ನಾಲ್ಕೈದು ಪಟ್ಟು ಹೆಚ್ಚು. ಶಿವಮೊಗ್ಗ ರಸ್ತೆಯಲ್ಲಿ ಏರಿನ ಕಾಟ ಕಡಿಮೆ, ಅಲ್ಲಿ ಎದುರಾಗುವುದು ಗಾಳಿ: ವೇಗ 60ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಹತ್ತಿರ ಹತ್ತಿರ 1.8 ಪಟ್ಟಾಗುತ್ತದೆ. ಅಡಿಕೆ ಮೂಟೆ ಮೇಲೆ ಸಡಿಲ ಕಟ್ಟಿದ ಟಾರ್ಪಾಲ್ ಪಟಪಟಿಸುತ್ತಿದ್ದರೆ ಇನ್ನೂ ಜಾಸ್ತಿ.

ಹೊರಡುವ ಮುಂಚೆ ಭಾವನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿ, ಮುಂದಿನ ಫುಲ್ ತನಕ ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸುವುದು, ಪಕ್ಕದಲ್ಲಿ ಹೇರಿದ ಲೋಡು ಬರೆಯುವುದು. ಎರಡು ತಿಂಗಳ ಮೇಲೆ ಫೋನ್ ಬಂತು. ಹೆಚ್ಚಾಗಿ ಶಿವಮೊಗ್ಗಕ್ಕೆ ಓಡಾಡಿದ ಟ್ಯಾಂಕು 13 ಕೊಟ್ಟಿದೆ, ಘಾಟಿ ಹತ್ತಿದ ಟ್ಯಾಂಕು 9. ಮೊನ್ನೆ ಸೊಸೈಟಿಯಿಂದ ಬರುವಾಗ ಫ್ಯಾನಿನ ಸದ್ದು ಕೇಳಿ, ಮನೆಯ ತಿರುವು ಬಿಟ್ಟು ಹೆದ್ದಾರಿಯಲ್ಲಿ ಕಾಲು ಗಂಟೆ ಓಡಿಸಿ, ಸದ್ದು ಅಡಗಿದ ಮೇಲೆ ತಿರುಗಿಸಿಕೊಂಡು ಬಂದರಂತೆ.