ದೊಡ್ಡಿಗೆ ಬಿದ್ದ ದನ ಧಣಿಯ ಪಾಲಾ?

ಪ್ರಶ್ನೆ: ಮಧ್ಯಯುಗದ ಇಂಗ್ಲೆಂಡಿನಲ್ಲಿ ಬೀಡಾಡಿ ದನವನ್ನು ದೊಡ್ಡಿಗೆ ಹೊಡೆದರೆ ಅದು ಊರಿನ ಧಣಿಯ ಸ್ವತ್ತಾಗುತ್ತಿತ್ತಂತೆ, ಹೌದಾ?

ಇಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ದನ ಯಾಕೆ ಹಿಡಿಯುತ್ತಿದ್ದರು ಅಂತ ನಿಮಗೆ ಹೇಳಬೇಕಿಲ್ಲ. ಅಲ್ಲಿನ ಬಹಳಷ್ಟು ಊರುಗಳಲ್ಲಿ ಹೊಲವೆಂದರೆ ಉದ್ದುದ್ದ ಪಟ್ಟಿಗಳು, ನಡುವೆ ಬೇಲಿ ಇಲ್ಲ. ಒಂದು ಹಸು ನುಗ್ಗಿದರೆ ಹಲವು ಮನೆಯವರ ಗೋಧಿ ಹಾಳು. ಹಿಡಿದು ತರಲು ಒಬ್ಬ ಆಳಿರುತ್ತಿದ್ದ. ಉತ್ತರದ ಕಡೆ ಅವನನ್ನು ಪಿಂಡರ್ ಅನ್ನುತ್ತಿದ್ದರು.

ದೊಡ್ಡಿಗೆ ಬಿದ್ದ ದನ ಜಪ್ತಿಯಾದಂತಲ್ಲ, ಒತ್ತೆ ಬಿದ್ದಂತೆ. ಯಜಮಾನ ಬೆಳೆಯ ನಷ್ಟ ತುಂಬಿಕೊಟ್ಟು, ದಂಡ ಕಟ್ಟಿ, ದನ ಹೊಡಕೊಂಡು ಹೋಗುತ್ತಿದ್ದ. 'ನನ್ನ ದನ ಮೇದೇ ಇಲ್ಲ' ಅನ್ನುವವನು ಜಾಮೀನು ಕೊಟ್ಟು ಮೊದಲು ಬಿಡಿಸಿಕೊಂಡು, ಆಮೇಲೆ ಕೋರ್ಟಿನಲ್ಲಿ ವಾದ ಮಾಡಬಹುದಿತ್ತು. ಸುಮ್ಸುಮ್ನೆ ಹಿಡಿದಿದ್ದರೆ ದಾರಿಯಲ್ಲೇ ಅಡ್ಡಹಾಕಿ ಬಿಡಿಸಿಕೊಳ್ಳಲೂಬಹುದು. ಆದರೆ ದೊಡ್ಡಿಯ ಬಾಗಿಲು ದಾಟಿತೋ, ದನ ಕಾನೂನಿನ ವಶ. ಬೀಗ ಮುರಿದರೆ ತಪ್ಪು ಮುರಿದವನದೇ. ಕಾನೂನಿನ ವಶ ಅಂದೆ, ಧಣಿಯ ವಶ ಅಲ್ಲ, ಗಮನಿಸಿ.

ಹಿಡಿದವರಿಗೂ ಮೂಗುದಾರ ಇತ್ತು. 1267ರ ಮಾರ್ಲ್‌ಬರೊ ಕಾನೂನಿನ ಪ್ರಕಾರ ದನವನ್ನು ಕೌಂಟಿಯ ಗಡಿ ದಾಟಿಸುವಂತಿಲ್ಲ. ಮುಂದೆ 1554ರ ಕಾಯ್ದೆ ಇನ್ನೂ ಬಿಗಿ ಮಾಡಿತು: ಒಂದು ಸಲಕ್ಕೆ ಹಿಡಿದ ಹಿಂಡಿಗೆಲ್ಲ ಸೇರಿ ದೊಡ್ಡಿಯ ಶುಲ್ಕ 4 ಪೆನ್ಸ್ ದಾಟಬಾರದು.

ಹಾಗಾದರೆ ಈ ಮಾತು ಎಲ್ಲಿಂದ ಹುಟ್ಟಿತು? ಯಜಮಾನ ಯಾರೆಂದೇ ತಿಳಿಯದ ದನದಿಂದ. ಅಂಥದ್ದನ್ನು ಚರ್ಚಿನಲ್ಲಿ, ಹತ್ತಿರದ ಎರಡು ಸಂತೆ ಊರುಗಳಲ್ಲಿ ಸಾರಬೇಕು. ಒಂದು ವರ್ಷ, ಮೇಲೊಂದು ದಿನ ಕಾಯಬೇಕು. ಅಷ್ಟರೊಳಗೆ ಯಜಮಾನ ಬಂದರೆ ಮೇವಿನ ಖರ್ಚು ಕೊಟ್ಟು ಒಯ್ಯುತ್ತಾನೆ. ಯಾರೂ ಬಾರದಿದ್ದರೆ ರಾಜನಿಗೆ, ಇಲ್ಲವೇ ರಾಜನಿಂದ ಆ ಹಕ್ಕು ಪಡೆದ ಧಣಿಗೆ. ಈ ಒಂದು ಎಳೆ ಹಿಡಿದು ಊರ ದನಕ್ಕೆಲ್ಲ ಗಂಟು ಹಾಕಿದ್ದಾರೆ!

ಒಳಗಿದ್ದ ದನಕ್ಕೆ ಹುಲ್ಲು ಹಾಕುವವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಅದರಲ್ಲೇ ಸ್ವಾರಸ್ಯ ಜಾಸ್ತಿ. ಬಯಲು ದೊಡ್ಡಿಯಾದರೆ ಯಜಮಾನನೇ ಬಂದು ಮೇವು ಹಾಕಬೇಕು. ಹಸಿದು ಸತ್ತರೆ ನಷ್ಟ ಅವನದೇ. ಹಿಡಿದವನು ತನ್ನ ಕೊಟ್ಟಿಗೆಯಲ್ಲಿ ಕೂಡಿಹಾಕಿದನೋ, ಮೇವು ನೀರು ಅವನ ತಲೆಗೆ. ಹಾಗಂತ ಆ ಎತ್ತನ್ನು ನೊಗಕ್ಕೆ ಹೂಡುವಂತಿಲ್ಲ. ಹಸುವಿನ ಹಾಲು ಮಾತ್ರ ಕರೆಯಬಹುದಿತ್ತು. ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಂಡು ನರಳುವುದು ಹಸುವೇ ಅಲ್ವಾ?