ಟರ್ನರ್ ಇರುವ ಹೆಣ್ಣುಮಗಳ ಎಕೋದಲ್ಲಿ ‘ನಾರ್ಮಲ್’ ಅಂದರೆ ಎಷ್ಟು?

ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ರಿಪೋರ್ಟ್ ಅಂದುಕೊಳ್ಳಿ. ಎತ್ತರ 142 ಸೆಂ.ಮೀ., ತೂಕ 42 ಕೆ.ಜಿ. ಹೃದಯದಿಂದ ಮೇಲಕ್ಕೆ ಹೊರಡುವ ಮಹಾಧಮನಿಯ ಅಗಲ 3.2 ಸೆಂ.ಮೀ. ಕೆಳಗೆ ‘ನಾರ್ಮಲ್’ ಅಂತ ಬರೆದಿದೆ. ಸದ್ಯ, ಏನೂ ಇಲ್ಲವಲ್ಲ ಅಂತ ಮನೆಯವರು ಫೈಲನ್ನು ಬೀರುವಿನಲ್ಲಿ ಇಡುತ್ತಾರೆ. ಐದೂವರೆ ಅಡಿ ಎತ್ತರದ ಹೆಂಗಸಿಗೆ ಈ ಅಳತೆ ನಿಜಕ್ಕೂ ಸರಿ. ಆದರೆ ಈ ಹುಡುಗಿಗೆ ಟರ್ನರ್ ಸಿಂಡ್ರೋಮ್ ಇದ್ದರೆ ಅದೇ 3.2 ನನಗೆ ಗಾಬರಿ ಹುಟ್ಟಿಸುತ್ತದೆ.

ಹುಟ್ಟುವ ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಟರ್ನರ್ ಇರುತ್ತದೆ. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರಬೇಕು. ಇವರಲ್ಲಿ ಒಂದು ಪೂರ್ತಿ ಇರುವುದಿಲ್ಲ, ಇಲ್ಲವೇ ಅದರ ಒಂದು ತುಂಡು ಇರುವುದಿಲ್ಲ. ಕೆಲವರಿಗೆ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ ಈ ಕೊರತೆ. ಬಸುರಿಯಾಗಿದ್ದಾಗ ತಾಯಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳಾ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ಮಾತು ಕೇಳಿ ಕೇಳಿ ಸೋತ ತಾಯಂದಿರಿಗಾಗಿ ಇದನ್ನು ಒತ್ತಿ ಹೇಳುತ್ತೇನೆ.

ನಮ್ಮಲ್ಲಿ ಇದು ಗೊತ್ತಾಗುವುದೇ ಎಷ್ಟೋ ಸಲ ತಡ. ಅಜ್ಜಿಯೂ ಗಿಡ್ಡ, ಇವಳೂ ಗಿಡ್ಡ ಅಂತ ಸುಮ್ಮನಿರುತ್ತಾರೆ. ಹದಿನೈದು, ಹದಿನಾರು ತುಂಬಿದರೂ ಮೈನೆರೆಯದಿದ್ದಾಗ ಲೇಡಿ ಡಾಕ್ಟರ ಹತ್ತಿರ ಹೋಗುತ್ತಾರೆ. ಕ್ಯಾರಿಯೋಟೈಪ್ ಅನ್ನುವ ರಕ್ತಪರೀಕ್ಷೆಯಲ್ಲಿ ವಿಷಯ ಹೊರಬರುತ್ತದೆ. ಅಲ್ಲಿಂದ ಮಾತೆಲ್ಲ ಮುಟ್ಟು, ಮದುವೆ, ಮಕ್ಕಳ ಸುತ್ತಲೇ. ಹೃದಯದ ಮಾತು ಯಾರೂ ಎತ್ತುವುದಿಲ್ಲ. ಆದರೆ ಟರ್ನರ್ ಇರುವವರ ಆಯುಷ್ಯ ಕಡಿಮೆ ಮಾಡುವುದು ಮುಖ್ಯವಾಗಿ ಹೃದಯ ಮತ್ತು ರಕ್ತನಾಳದ ತೊಂದರೆಗಳೇ.

ಮತ್ತೆ ಆ 3.2ಕ್ಕೆ ಬರೋಣ. ಇವರ ಮಹಾಧಮನಿಯನ್ನು ಮೈಯ ಗಾತ್ರಕ್ಕೆ ಹೋಲಿಸಿಯೇ ನೋಡಬೇಕು. ಎತ್ತರವನ್ನು ತೂಕದಿಂದ ಗುಣಿಸಿ, 3,600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೈಯ ವಿಸ್ತೀರ್ಣ ಚದರ ಮೀಟರ್‌ನಲ್ಲಿ ಸಿಗುತ್ತದೆ. ಈ ಹುಡುಗಿಗೆ ಅದು ಸುಮಾರು 1.29. ಧಮನಿಯ ಅಗಲವನ್ನು ಇದರಿಂದ ಭಾಗಿಸಿದರೆ ಹತ್ತಿರಹತ್ತಿರ 2.5. ಈ ಲೆಕ್ಕದಲ್ಲಿ 2.0 ದಾಟಿದರೆ ಧಮನಿ ಹಿಗ್ಗಿದೆ ಅಂತ ಅರ್ಥ. 2.5ರ ಆಸುಪಾಸಿಗೆ ಬಂದರೆ ಒಳಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗುವ ಅಪಾಯ ಜಾಸ್ತಿ. ಜೊತೆಗೆ ಬಿಪಿಯೋ ಕವಾಟದ ದೋಷವೋ ಇದ್ದರೆ ಆಪರೇಷನ್ ಬಗ್ಗೆ ಯೋಚಿಸುವ ಹಂತ ಅದು. ಹಾಗಾಗಿ ಎಕೋ ಮಾಡಿಸುವಾಗ ಎತ್ತರ, ತೂಕ ಬರೆಸಿ. ಟರ್ನರ್ ಇದೆ ಅಂತ ಬಾಯಿಬಿಟ್ಟು ಹೇಳಿ. ಮಕ್ಕಳಿಗೆ ಲೆಕ್ಕ ಬೇರೆ, ಅದನ್ನು ಮಕ್ಕಳ ಹೃದ್ರೋಗ ತಜ್ಞರು ಮಾಡುತ್ತಾರೆ.

ಎಕೋದಲ್ಲಿ ನೋಡಲೇಬೇಕಾದದ್ದು ಇನ್ನೊಂದಿದೆ. ಮಹಾಧಮನಿಯ ಕವಾಟಕ್ಕೆ ಮೂರು ಎಸಳು ಇರಬೇಕು. ಟರ್ನರ್ ಇರುವವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಎರಡೇ ಇರುತ್ತವೆ. ಇಂಥವರು ಹಲ್ಲು, ಒಸಡನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಅಲ್ಲಿನ ಸೋಂಕು ರಕ್ತದಲ್ಲಿ ಸೇರಿ ಕವಾಟಕ್ಕೆ ಅಂಟಬಹುದು. ಮಹಾಧಮನಿ ಒಂದು ಕಡೆ ಕಿರಿದಾಗಿರುವುದೂ ಉಂಟು. ಆಗ ಕೈಯಲ್ಲಿ ಬಿಪಿ ಜಾಸ್ತಿ, ಕಾಲಿನಲ್ಲಿ ಕಡಿಮೆ. ಎಕೋಗೆ ಧಮನಿಯ ಎಲ್ಲ ಭಾಗವೂ ಕಾಣುವುದಿಲ್ಲ. ಅದಕ್ಕೇ ಮಗು ಅಲುಗಾಡದೆ ಮಲಗುವಷ್ಟು ದೊಡ್ಡದಾದ ಮೇಲೆ ಒಂದು ಎಂಆರ್‌ಐ ಬೇಕು. ಎಲ್ಲ ಸರಿ ಇದ್ದರೂ ದೊಡ್ಡವರಾದ ಮೇಲೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು.

ಬಿಪಿಯಂತೂ ಚಿಕ್ಕ ವಯಸ್ಸಿಗೇ ಏರಬಹುದು. ಪ್ರತಿ ಭೇಟಿಯಲ್ಲೂ ಬಲಗೈಯಲ್ಲಿ, ತೋಳಿಗೆ ಸರಿಹೊಂದುವ ಪಟ್ಟಿ ಕಟ್ಟಿ ನೋಡಬೇಕು. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ.

ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ? ವಯಸ್ಸು ಚಿಕ್ಕದು, ಇಸಿಜಿ ಸರಿ ಇದೆ, ಗ್ಯಾಸ್ ಇರಬೇಕು ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವ ಸಾಧ್ಯತೆ ಇದೆ. ಧಮನಿಯ ಪದರ ಹರಿದಿದ್ದರೂ ಇಸಿಜಿ ಸರಿಯಾಗೇ ಇರಬಹುದು. ಕ್ಯಾಷುಯಾಲ್ಟಿಯಲ್ಲಿ ಮೊದಲ ಮಾತೇ ಇದಾಗಿರಲಿ: “ಇವಳಿಗೆ ಟರ್ನರ್ ಇದೆ, ಮಹಾಧಮನಿಯ ಸಿಟಿ ಆಂಜಿಯೋ ಬೇಕಾ ನೋಡಿ.” ಇಲ್ಲಿ ಸಂಕೋಚ ಬೇಡ, ಜಗಳ ಆದರೂ ಪರವಾಗಿಲ್ಲ.

ನನಗೆ ಜಾಸ್ತಿ ಆತಂಕ ಇರುವುದು ಬಸಿರಿನ ವಿಷಯದಲ್ಲಿ. ಟರ್ನರ್ ಇರುವ ಹೆಚ್ಚಿನವರಿಗೆ ಸ್ವಂತ ಅಂಡಾಣು ಉಳಿದಿರುವುದಿಲ್ಲ. ದಾನಿಯ ಅಂಡಾಣುವಿನಿಂದ ಐವಿಎಫ್ ಮಾಡಿಸಿಕೊಂಡು ತಾಯಿಯಾಗುವ ದಾರಿ ಈಗ ನಮ್ಮ ಊರುಗಳಲ್ಲೂ ಇದೆ. ಆ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಬಸಿರಿನಲ್ಲಿ ರಕ್ತದ ಪ್ರಮಾಣ ಏರುತ್ತದೆ, ಧಮನಿಯ ಮೇಲೆ ಒತ್ತಡ ಹೆಚ್ಚುತ್ತದೆ. ಕೊನೆಯ ತಿಂಗಳುಗಳು, ಹೆರಿಗೆಯಾದ ಮೊದಲ ವಾರಗಳು ತುಂಬಾ ಸೂಕ್ಷ್ಮ. ಹಾಗಾಗಿ ಎಕೋ ಮತ್ತು ಎಂಆರ್‌ಐ ನೋಡದೆ ಐವಿಎಫ್ ಶುರು ಮಾಡಬಾರದು. ಶುರು ಮಾಡಿದರೂ ಒಂದೇ ಭ್ರೂಣ ಇಡಿಸಿ, ಅವಳಿ ಬೇಡ. ಧಮನಿಯ ಅಗಲವನ್ನು ಮೈಯ ವಿಸ್ತೀರ್ಣದಿಂದ ಭಾಗಿಸಿದ ಆ ಲೆಕ್ಕ 2.5 ದಾಟಿದ್ದರೆ ಬಸಿರೇ ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ. ಎರಡೆಸಳಿನ ಕವಾಟವೋ ಬಿಪಿಯೋ ಇದ್ದರೆ 2.0 ದಾಟಿದಾಗಲೇ ಈ ಮಾತು ಬರುತ್ತದೆ. ದತ್ತು ಪಡೆಯುವ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ.

ಮಕ್ಕಳ ಡಾಕ್ಟರು ನೋಡುವುದು ಸಾಮಾನ್ಯವಾಗಿ ಹದಿನೆಂಟರವರೆಗೆ. ಆಮೇಲೆ ಮದುವೆಯಾಗುತ್ತದೆ, ಗಂಡನ ಮನೆಯಲ್ಲಿ ಹೇಳಲು ಅಂಜಿ ಫೈಲ್ ತವರಲ್ಲೇ ಉಳಿಯುತ್ತದೆ. ಮುಚ್ಚಿಟ್ಟು ಮದುವೆ ಮಾಡಬೇಡಿ. ಎಕೋ, ಎಂಆರ್‌ಐ ರಿಪೋರ್ಟುಗಳ ಫೋಟೊ ಹುಡುಗಿಯ ಮೊಬೈಲಿನಲ್ಲೇ ಇರಲಿ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ ಮುಟ್ಟು ಬರಿಸುವುದಕ್ಕಷ್ಟೇ ಅಲ್ಲ, ಮೂಳೆಗೂ ರಕ್ತನಾಳಕ್ಕೂ ಬೇಕು. ಮಧ್ಯೆ ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ.